ಶೆಂಬೋಕೊ ಉಸಿರು ಹಿಡಿದದ್ದು

ಮಂಗಳವಾರ ಬೆಳಗ್ಗೆ ಪ್ರಯೋಗಾಲಯದಿಂದ ಬಂದ ಕಾಗದದಲ್ಲಿ ಇದ್ದದ್ದು ಎರಡೇ ಸಾಲು. "ನೀವು ಕಳಿಸಿದ ಹಿಂದಿನ ಮೂರು ಸೀಸೆಗಳಲ್ಲಿ ಮನುಷ್ಯನ ಉಸಿರು ಬೆರೆತಿದೆ. ಈ ವಾರವೂ ಹಾಗೇ ಆದರೆ ಕೆಲಸವನ್ನು ಬೇರೆಯವರಿಗೆ ವಹಿಸಲಾಗುವುದು."

ಶೆಂಬೋಕೊ ಅದನ್ನು ಹೆಂಡತಿ ಜೈನಾಗೆ ಓದಿ ಹೇಳಿದ.

"ನಿಮ್ಮ ಬಾಯಿ ಒಂದಲ್ಲ ಒಂದಿನ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತೆ ಅಂತ ಬಡ್ಕೊಂಡೆ," ಎಂದಳು ಜೈನಾ. "ಒಂದು ನಿಮಿಷ ಸುಮ್ಮನಿರೋಕೆ ಆಗಲ್ವಾ?"

ಆಗುತ್ತಿರಲಿಲ್ಲ, ಅದೇ ತೊಂದರೆ. ವಾರಕ್ಕೊಮ್ಮೆ ಹತ್ತು ಗಂಟೆಗೆ ಕ್ವೆಂಬೋಗೊ ಗುಡ್ಡ ಹತ್ತುವುದು, ಗಾಳಿಗೆ ಮುಖ ಮಾಡಿ ನಿಲ್ಲುವುದು, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಸೀಸೆಯ ತಿರುಪು ಬಿಚ್ಚಿ, ಉಸಿರು ಬಿಗಿಹಿಡಿದು, ಗುಡ್ಡದ ಗಾಳಿ ತುಂಬಿಸಿ ಮುಚ್ಚುವುದು. ಗಾಳಿಯಲ್ಲಿ ಇಂಗಾಲ ಎಷ್ಟು ಏರಿದೆ ಎಂದು ದೂರದ ಪ್ರಯೋಗಾಲಯದವರು ನೋಡುತ್ತಾರೆ. ಉಸಂಬಾರಾ ಬೆಟ್ಟಗಳಲ್ಲಿ ಯಾರು ಬೇಕಾದರೂ ಮಾಡಬಹುದಾದ ಈ ಕೆಲಸ ಹೋಗಿ ಹೋಗಿ ಊರಿನ ಅತಿ ದೊಡ್ಡ ಮಾತುಗಾರನಿಗೇ ಸಿಕ್ಕಿತ್ತು. ಸಾಲದ್ದಕ್ಕೆ ಗುಡ್ಡದ ಮೇಲಿನ ದಾರಿಯೇ ಸಂತೆಯ ದಾರಿ, ಮಂಗಳವಾರವೇ ಸಂತೆ. ಎದುರಾದವರನ್ನು ಮನೆ ಹೇಗಿದೆ, ಹೊಲ ಹೇಗಿದೆ, ಆಡು ಈಯಿತಾ, ಕೆಮ್ಮು ಹೋಯಿತಾ ಎಂದು ಕೇಳದೆ ಹೋಗುವವನು ಆ ಊರಲ್ಲಿ ಒಂದೋ ಸತ್ತಿರಬೇಕು, ಇಲ್ಲವೇ ಜಗಳವಾಡಿರಬೇಕು. ಮೂರು ವಾರವೂ ಶೆಂಬೋಕೊ ತಿರುಪು ಬಿಚ್ಚಿಟ್ಟುಕೊಂಡೇ ಎಲ್ಲರ ಆಡು, ಕೆಮ್ಮು ವಿಚಾರಿಸಿದ್ದ.

ಇವತ್ತು ಮಾತ್ರ ಬಾಯಿಗೆ ಬೀಗ ಎಂದುಕೊಂಡು ಹೊರಟ. ಪೆಟ್ಟಿಗೆಯಲ್ಲಿ ಎರಡು ಸೀಸೆ ಇದ್ದವು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು.

ಮೊದಲನೆಯದನ್ನು ಬಿಚ್ಚಿ ಇಪ್ಪತ್ತು ಎಣಿಸಿದ್ದನೋ ಇಲ್ಲವೋ, ತಲೆ ಮೇಲೆ ಬಾಳೆಗೊನೆ ಹೊತ್ತು ಮ್ವಾಂಟುಮು ಅಜ್ಜಿ ಬಂದಳು. ಕಿರಿಯವನು 'ಶಿಕಮೋ' ಎಂದು ನಮಸ್ಕರಿಸಲಿ, ತಾನು 'ಮರಹಬಾ' ಎಂದು ಹರಸೋಣ ಎಂದು ನಿಂತಳು. ಇವನು ತುಟಿ ಬಿಚ್ಚಲಿಲ್ಲ. ಕೆನ್ನೆ ಉಬ್ಬಿತ್ತು, ಕಣ್ಣು ಹೊರಗೆ ಬಂದಿತ್ತು.

"ಅಯ್ಯೋ, ಶೆಂಬೋಕೊಗೆ ಲಕ್ವ ಹೊಡೀತು! ಬನ್ರಪ್ಪೋ!"

ಸಂತೆಗೆ ಹೊರಟವರೆಲ್ಲ ಓಡಿ ಬಂದರು. ಒಬ್ಬ ಬೆನ್ನಿಗೆ ಗುದ್ದಿದ, ಇನ್ನೊಬ್ಬಳು ಮುಖಕ್ಕೆ ಉಫ್ ಉಫ್ ಎಂದು ಊದಿದಳು. ಊರ ಅಧ್ಯಕ್ಷ ಕನೀಕಿ ಬುರುಬುರು ಹೊಗೆ ಬಿಡುವ ಮೋಟಾರ್ ಸೈಕಲನ್ನು ಸೀಸೆಯ ಪಕ್ಕಕ್ಕೇ ತಂದು ನಿಲ್ಲಿಸಿದ.

"ಹಾಳಾಯ್ತು!" ಎಂದು ಶೆಂಬೋಕೊ ಕೂಗಿದ. ಕಾಗದದ ವಿಷಯ ಹೇಳುವಾಗ ಅವನಿಗೆ ನಿಜವಾಗಿಯೂ ಅಳು ಬಂತು.

"ನನ್ನ ಉಸಿರು ಅಷ್ಟು ಕೆಟ್ಟದ್ದೇನೋ?" ಅಜ್ಜಿಗೆ ನೋವಾಯಿತು.

"ಕೆಟ್ಟದ್ದಲ್ಲ ಅಜ್ಜಿ. ನೀನು ಬಿಟ್ಟ ಉಸಿರನ್ನ ನಿನ್ನ ಬಾಳೆ ಎಲೆ ಕುಡಿಯುತ್ತೆ. ಅದೇ ಹಣ್ಣಾಗುತ್ತೆ. ನೀನು ತಿಂತೀಯ, ಮತ್ತೆ ಉಸಿರಾಗಿ ಬಿಡ್ತೀಯ. ಸುತ್ತುತ್ತಾನೇ ಇರುತ್ತೆ. ಆದ್ರೆ ಸೀಸೆಗೆ ಬೇಕಾಗಿರೋದು ಲೋಕದ ಗಾಳಿ, ನಿನ್ನೊಬ್ಬಳದಲ್ಲ."

"ಸುತ್ತುತ್ತಾನೇ ಇದ್ರೆ ಹೆಚ್ಚಾಗೋದು ಹೇಗಯ್ಯಾ?" ಕನೀಕಿ ಪಟ್ಟು ಹಿಡಿದ.

"ಯಾವ ಕಾಲದ್ದೋ ಕಾಡು ಮಣ್ಣಡಿ ಹೂತುಹೋಗಿ ಕಲ್ಲಿದ್ದಲಾಯ್ತು, ಸಮುದ್ರದ ಹುಳಹುಪ್ಪಟೆ ಎಣ್ಣೆ ಆಯ್ತು. ಮಲಗಿತ್ತು ಪಾಪ. ಅದನ್ನ ಎಬ್ಬಿಸಿ ಸುಡ್ತಾ ಇದ್ದಾರೆ. ಕಾಡು, ಸಮುದ್ರ ಎರಡೂ ಸೇರಿ ಅರ್ಧ ನುಂಗಬಹುದು. ಉಳಿದದ್ದು ಮೇಲೇ ನಿಂತು ಭೂಮಿಗೆ ಕಂಬಳಿ ಹೊದಿಸುತ್ತೆ, ಸೆಕೆ ಹೊರಗೆ ಹೋಗಲ್ಲ. ನಿಮ್ಮ ಪ್ಲಮ್ ಮರ ಯಾಕೆ ಸರಿಯಾಗಿ ಹೂ ಬಿಡ್ತಿಲ್ಲ? ಅದಕ್ಕೆ ಚಳಿ ರಾತ್ರಿ ಬೇಕು. ಕಂಬಳಿಯೊಳಗೆ ಚಳಿ ಎಲ್ಲಿ?"

ಕನೀಕಿ ಮೆಲ್ಲಗೆ ಹೋಗಿ ಮೋಟಾರ್ ಸೈಕಲ್ ಆರಿಸಿ ಬಂದ. ಇಡೀ ತೋಟ ಪ್ಲಮ್ ಹಾಕಿದವನು ಅವನು.

ಅಜ್ಜಿ ಮಾತ್ರ ಇನ್ನೂ ಉಸಿರಿನ ಹಿಂದೆಯೇ ಇದ್ದಳು. "ನಮ್ಮೆಜಮಾನ್ರು ಹೋಗಿ ಹತ್ತು ವರ್ಷ ಆಯ್ತು. ಅವರ ಉಸಿರು ಈಗ ಎಲ್ಲಿರಬಹುದೋ?"

ಶೆಂಬೋಕೊ ಗುಡ್ಡದ ಸುತ್ತಲೂ ಕೈ ತೋರಿಸಿದ. "ಎಲ್ಲೂ ಹೋಗಿಲ್ಲ ಅಜ್ಜಿ. ಗಾಳಿಯಲ್ಲೋ, ಸಮುದ್ರದಲ್ಲೋ, ಯಾವುದಾದ್ರೂ ಮರದಲ್ಲೋ ಇದ್ದೇ ಇದೆ."

ಅಜ್ಜಿ ಇಳಿಜಾರಿನಲ್ಲಿದ್ದ ತನ್ನ ಒಂಟಿ ಪ್ಲಮ್ ಮರವನ್ನು ದಿಟ್ಟಿಸಿದಳು. "ಹಾಗಾದ್ರೆ ಅದರಲ್ಲೇ. ಅದಕ್ಕೇ ಹಣ್ಣು ಅಷ್ಟು ಹುಳಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕನೀಕಿ ಗಂಭೀರನಾದ. "ಇನ್ನೊಂದು ಸೀಸೆ ಇದೆ ಅಲ್ವಾ? ನಮ್ಮ ಪ್ಲಮ್ ಸಂಗತಿ ಲೋಕಕ್ಕೆ ಗೊತ್ತಾಗಲಿ. ಎಲ್ಲಾರೂ ಗಾಳಿ ಹೋಗೋ ದಿಕ್ಕಿಗೆ ನಡೀರಿ! ಉಸಿರು ಹಿಡೀರಿ!"

ಇಡೀ ಸಂತೆ ಇವನ ಬೆನ್ನ ಹಿಂದೆ ನೂರು ಮಾರು ಸರಿದು ಮೂಗು ಹಿಡಿದು ನಿಂತಿತು. ಶೆಂಬೋಕೊ ತಿರುಪು ಬಿಚ್ಚಿ, ಅರವತ್ತು ಎಣಿಸಿ, ಮುಚ್ಚಿದ. ಕೆಮ್ಮಿಲ್ಲ, ಹೊಗೆಯಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅವನು ತುಂಬಿಸಿದ ಮೊದಲ ಶುದ್ಧ ಸೀಸೆ ಅದು. ಹೆಮ್ಮೆಗೆ ಎದೆ ಉಬ್ಬಿತು. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು.

"ನೋಡಿದ್ರಾ!" ಎಂದು ತಿರುಗಿದ.

ಕನೀಕಿ ತುಟಿಯ ಮೇಲೆ ಬೆರಳಿಟ್ಟು ದೂರದಿಂದಲೇ ಬೇಡವೆಂದು ಕೈಯಲ್ಲಾಡಿಸಿದ.

"ಮುಚ್ಚಾಯ್ತು ಕಣಯ್ಯ, ಈಗ ಮಾತಾಡಬಹುದು!"

ಕನೀಕಿ ಇನ್ನೂ ಹತ್ತು ಹೆಜ್ಜೆ ಹಿಂದೆ ಹೋಗಿ ಕೂಗಿದ: "ನಮಗ್ಯಾಕಪ್ಪ ಅಪಾಯ? ಐದು ಗಂಟೆ ಬಸ್ಸಿಗೆ ಸೀಸೆ ಹತ್ತೋವರೆಗೂ ಶೆಂಬೋಕೊ ಹತ್ರ ಯಾರೂ ಉಸಿರು ಬಿಡಬಾರದು! ಊರಿನ ಅಪ್ಪಣೆ!"

ಊರು ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿತು. ಸಂತೆಯಲ್ಲಿ ಇವನು ಹೋದಲ್ಲೆಲ್ಲ ಜನ ಮೂಗು ಹಿಡಿದು ದಾರಿ ಬಿಟ್ಟರು. ಚಹಾದಂಗಡಿ ಕ್ಷಣದಲ್ಲಿ ಖಾಲಿಯಾಯಿತು. ಮನೆಯಲ್ಲಿ ಜೈನಾ ಕೆನ್ನೆ ಉಬ್ಬಿಸಿಕೊಂಡೇ ಜೋಳದ ಮುದ್ದೆಯ ತಟ್ಟೆಯನ್ನು ಮುದ್ದೆಕೋಲಿನಿಂದ ಇವನತ್ತ ತಳ್ಳಿ ಹಿತ್ತಲಿಗೆ ಓಡಿದಳು. ಮಧ್ಯಾಹ್ನವೆಲ್ಲ ಒಬ್ಬರೂ ಅವನ ಆಡಿನ ಕ್ಷೇಮ ಕೇಳಲಿಲ್ಲ. ಹೇಳದೆ ಉಳಿದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಐದು ಗಂಟೆಗೆ ಗುಡ್ಡದ ಬುಡದಲ್ಲಿ ಟಾಂಗಾ ಪಟ್ಟಣಕ್ಕೆ ಹೋಗುವ ಬಸ್ಸು ನಿಂತಿತು. ಕಂಡಕ್ಟರ್ ಹೊಸಬ, ಊರಿನ ಅಪ್ಪಣೆ ತಿಳಿಯದವನು. ನಗುನಗುತ್ತ ಇಳಿದು ಬಂದ.

"ಶಿಕಮೋ, ದೊಡ್ಡಪ್ಪ! ಮನೇಲಿ ಎಲ್ಲಾ ಕ್ಷೇಮಾನಾ? ಹೊಲ ಹೇಗಿದೆ? ಪೆಟ್ಟಿಗೇಲಿ ಏನಿದೆ?"

ಶೆಂಬೋಕೊನ ಕಣ್ಣು ತುಂಬಿ ಬಂತು. ಮನೆ ಹೇಳಿದ, ಹೊಲ ಹೇಳಿದ, ಆಡು ಹೇಳಿದ. ಬಾಳೆ ಎಲೆ, ಕಲ್ಲಿದ್ದಲು, ಕಂಬಳಿ, ಅಜ್ಜಿಯ ಗಂಡ, ಯಾವುದನ್ನೂ ಬಿಡಲಿಲ್ಲ. ಬೇಲಿಯಾಚೆ ಉಸಿರು ಹಿಡಿದು ನಿಂತಿದ್ದ ಊರು ಕೈಕೈ ಬೀಸಿತು. ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ಅವನೂ ಕೈ ಬೀಸಿದ.

"ಅಲ್ಲಾ, ಗಾಳೀನ ಸೀಸೆಗೆ ತುಂಬೋದು ಹೇಗೆ ದೊಡ್ಡಪ್ಪ?" ಕಂಡಕ್ಟರಿಗೆ ನಿಜವಾಗಿಯೂ ಕುತೂಹಲವಾಗಿತ್ತು.

"ಬಲು ಸುಲಭ ಮಗನೇ!" ಶೆಂಬೋಕೊ ಪೆಟ್ಟಿಗೆ ತೆರೆದು ಸೀಸೆಯನ್ನು ಮುಖದ ಹತ್ತಿರಕ್ಕೆ ಎತ್ತಿದ. "ತಿರುಪನ್ನ ಹೀಗೆ ತಿರುಗಿಸಿದ್ರೆ..."

ಗುಡ್ಡದ ಮೇಲಿನ ತೆಳು ಗಾಳಿ ತುಂಬಿದ್ದ ಸೀಸೆ ಅವನ ಉಸಿರನ್ನು ಸುಂಯ್ ಎಂದು ಒಳಗೆಳೆದುಕೊಂಡಿತು.

ಬೇಲಿಯಾಚೆ ಇಡೀ ಊರು ಒಟ್ಟಿಗೆ ಉಸಿರು ಬಿಟ್ಟಿತು.

ಕಂಡಕ್ಟರ್ ಸೀಸೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದ. "ಒಳಗೆ ಏನೂ ಇಲ್ವಲ್ಲ ದೊಡ್ಡಪ್ಪ?"

"ಇದೆ," ಎಂದ ಶೆಂಬೋಕೊ ಸಣ್ಣ ದನಿಯಲ್ಲಿ. "ನಾನೇ ಇದೀನಿ."