ಸಾಲ್ಮನ್ನಿಗೂ ಒಂದು ಮೇಜು ಕೊಡಿ

ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ನಾನು ಮೀನು ತಂದಾಗಲೆಲ್ಲ ಒಂದಲ್ಲ ಒಂದು ರಗಳೆ ಆಗಿಯೇ ಆಗುತ್ತದೆ. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಸಿಕ್ಕಿ ಇಲ್ಲಿಗೆ ಬಂದ ಮೇಲೆ ಜರ್ಮನ್ ಕಲಿತೆ, ಕಸವನ್ನು ನಾಲ್ಕು ಡಬ್ಬಿಗೆ ಹಂಚಲು ಕಲಿತೆ, ಭಾನುವಾರ ಸದ್ದು ಮಾಡದೆ ಬದುಕಲೂ ಕಲಿತೆ. ಮಲ್ಪೆಯವಳು ನಾನು, ಮೀನು ಬಿಡಲು ಮಾತ್ರ ಕಲಿಯಲಿಲ್ಲ. ಕಲಿಯುವುದೂ ಇಲ್ಲ. ಈ ಬೇಸಿಗೆಯ ಜಗಳವೂ ಅದೇ: ನಮ್ಮ ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ನನ್ನ ಮೀನುಸಾರಿಗೆ ಜಾಗ ಉಂಟೋ ಇಲ್ಲವೋ?

೧. ಅಮ್ಮನ ಪ್ರಶ್ನೆ

ಪಿಕ್ನಿಕ್‌ಗೆ ಯಾವ ಮೀನು ಎಂದು ಮೊದಲೇ ನೋಡಿಬಿಡೋಣವೆಂದು ಮೂರು ಬಗೆಯ ವೈಲ್ಡ್ ಸಾಲ್ಮನ್ ತಂದೆ. ಕಡುಗೆಂಪಿನ ಸಾಕೈ, ತೆಳು ಬಣ್ಣದ ಪಿಂಕ್, ಎಲ್ಲಕ್ಕಿಂತ ಅಗ್ಗದ ಕೇಟಾ. ಮೂರೂ ಕಲ್ಲಿನಂತೆ ಹೆಪ್ಪುಗಟ್ಟಿದ್ದವು, ಒಂದಕ್ಕೂ ತಲೆ ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ.

"ಕಿವಿರು ಎತ್ತಿ ನೋಡದೆ ಮೀನು ತಂದ್ಯಾ?"

"ಇಲ್ಲಿ ಹೀಗೇ ಸಿಗುವುದಮ್ಮ. ಆದರೆ ಇದು ಸಾಕಿದ ಮೀನಲ್ಲ, ಸಮುದ್ರದಲ್ಲಿ ಹಿಡಿದದ್ದು. ಇದಕ್ಕೆ ಇಲ್ಲಿ ಭಾರೀ ಮರ್ಯಾದೆ."

"ಸಮುದ್ರದಲ್ಲಿ ಹಿಡಿದದ್ದಕ್ಕೆ ಮರ್ಯಾದೆಯಾ? ಮತ್ತೆಲ್ಲಿ ಹಿಡಿಯುವುದು ಮಾರಾಯ್ತಿ, ಬಾವಿಯಲ್ಲಾ?"

೨. ಮೂರು ಪಾತ್ರೆ

ಒಂದೇ ಮಸಾಲೆ ಅರೆದು ಮೂರು ಪಾತ್ರೆಗೆ ಹಾಕಿದೆ. ಸಾಕೈ ಕುದಿಯುವ ಸಾರಿನಲ್ಲೂ ಹೋಳು ಹೋಳಾಗಿ ಗಟ್ಟಿ ನಿಂತಿತು. ಕೇಟಾ ಸ್ವಲ್ಪ ಒಣಕಲು, ಆದರೆ ಮಸಾಲೆ ಚೆನ್ನಾಗಿ ಹಿಡಿಯಿತು. ಪಿಂಕ್ ಪಾತ್ರೆಗೆ ಸೌಟು ಹಾಕಿದ್ದೇ ತಡ, ಮೀನು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಗಂಡ ಊಟಕ್ಕೆ ಕೂತು ಮೂರನ್ನೂ ರುಚಿ ನೋಡಿದ. ಪಿಂಕ್ ಪಾತ್ರೆಗೆ ಬಂದಾಗ ಗಂಭೀರವಾಗಿ ತಲೆಯಾಡಿಸಿದ.

"ಈ ಗೊಜ್ಜು ಅಡ್ಡಿಯಿಲ್ಲ. ಇದಕ್ಕೆ ಮೀನು ಯಾವಾಗ ಹಾಕ್ತಿ?"

೩. ಮೀನಿನ ನಿಜವಾದ ರುಚಿ

ಮರುದಿನ ಸಾಕೈ ಸಾರನ್ನು ಆಫೀಸಿಗೆ ಒಯ್ದೆ. ಕ್ಯಾಂಟೀನಿನಲ್ಲಿ ಎದುರು ಕೂತ ಜರ್ಮನ್ ಸಹೋದ್ಯೋಗಿ ನನ್ನ ಡಬ್ಬಿಗೆ ಇಣುಕಿ ಬಹಳ ನೊಂದುಕೊಂಡ.

"ಇಷ್ಟು ಒಳ್ಳೆಯ ಮೀನಿಗೆ ಮಸಾಲೆಯೇ? ಉಪ್ಪು, ಎರಡು ಹನಿ ನಿಂಬೆರಸ, ಅಷ್ಟೇ. ಮೀನಿನ ನಿಜವಾದ ರುಚಿ ತಿಳಿಯಬೇಕಾದರೆ ಅದನ್ನು ಮುಚ್ಚಬಾರದು."

ಹೀಗೆ ಹೇಳುತ್ತಲೇ ತನ್ನ ಮೀನಿನ ಮೇಲೆ ಬಿಳಿ ಸಾಸ್ ಸುರಿದುಕೊಂಡ. ಇನ್ನೂ ಸುರಿದ. ಕೊನೆಗೆ ತಟ್ಟೆಯಲ್ಲಿ ಹಿಮ ಬಿದ್ದ ಗುಡ್ಡದಂಥದ್ದೊಂದು ಉಳಿಯಿತು.

"ನಿನ್ನ ಮೀನು ಎಲ್ಲಿ?" ಎಂದು ಕೇಳಿದೆ.

ಫೋರ್ಕಿನಿಂದ ಎರಡು ಕಡೆ ಚುಚ್ಚಿ ನೋಡಿ, "ಇಲ್ಲೇ ಎಲ್ಲೋ ಇರಬೇಕು" ಎಂದ.

೪. ಕಮಿಟಿ ಸಭೆ

ಕೂಟದ ಸಭೆಯಲ್ಲಿ ನಾನು ಎದ್ದು ನಿಂತಾಗಲೇ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ಮಾತು ಬೆಣ್ಣೆ.

"ಮೇಡಂ, ಪಿಕ್ನಿಕ್ ಅಂದ್ರೆ ಎಲ್ರಿಗೂ ಹೊಂದಬೇಕು. ಈ ಮೀನು-ಗೀನಿನ ವಿಷಯ ನಮಗೆ ಒಂಚೂರೂ ಗೊತ್ತಿಲ್ಲ. ವಾಸನೆನೇ ಆಗಲ್ಲ."

"ಸರ್, ಸ್ಟೇಜಿಗೆ ನಮ್ಮ ಯಕ್ಷಗಾನ ಬೇಕು. ಬೆಳಗಿನ ತಿಂಡಿಗೆ ನಮ್ಮ ನೀರುದೋಸೆ ಬೇಕು. ಕುರ್ಚಿ ಹೊರಲು ನಮ್ಮ ಹುಡುಗರು ಬೇಕು. ನಮ್ಮ ಮೀನುಸಾರು ಮಾತ್ರ ಬೇಡ. ಇದು ಕನ್ನಡ ಕೂಟವೋ, ನಿಮ್ಮ ಅಡುಗೆಮನೆಯೋ? ನಿಮಗೆ ಬಡಿಸುತ್ತೇನೆ ಅಂದೆನಾ? ಒಂದು ಮೇಜು ಕೊಡಿ ಅಂದೆ."

ಕಾರ್ಯದರ್ಶಿ ಮತ್ತೆ ಗಡಿಯಾರ ನೋಡಿಕೊಂಡರು. ಪಿತ್ತ ನೆತ್ತಿಗೇರಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ದುಬಾರಿ ಮೀನೇನೂ ತರುವುದಿಲ್ಲ. ಕೇಟಾ ಸಾಕು. ಸಾಲ್ಮನ್ ಎಲ್ಲ ಒಂದೇ."

"ಎಲ್ಲ ಒಂದೇನಾ?" ಕಾರ್ಯದರ್ಶಿ ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ಮೇಡಂ ನೀವು! ಕೇಟಾ ಬರೀ ನಾರು. ಪಿಂಕ್ ಬಾಯಿಗೆ ಹೋಗೋ ಮುಂಚೆನೇ ಪುಡಿ. ತಿಂದ್ರೆ ಸಾಕೈ ತಿನ್ನಬೇಕು. ಕೊಬ್ಬೂ ಇದೆ, ಒಮೇಗಾ-ತ್ರೀನೂ ಜಾಸ್ತಿ. ಚರ್ಮದ ಕಡೆ ಕೆಳಗಿಟ್ಟು, ಉರಿ ಸಣ್ಣ ಮಾಡಿ…"

ಅಷ್ಟಕ್ಕೇ ಮಾತು ನಿಲ್ಲಿಸಿದರು. ಇಡೀ ಸಭೆ ಅವರತ್ತ ತಿರುಗಿತ್ತು.

"ಅಂದ್ರೆ… ಎಲ್ಲೋ ಓದಿದ್ದೆ."

"ಬಾಯಿಗೆ ಹೋಗೋ ಮುಂಚೆ ಪುಡಿಯಾಗ್ತದೆ ಅಂತ ಯಾವ ಪುಸ್ತಕದಲ್ಲಿ ಬರೆದಿದ್ದಾರೆ ಸರ್?"

ಅಷ್ಟರಲ್ಲಿ ಖಜಾಂಚಿ ಬಾಯಿ ಹಾಕಿದರು. "ಸಣ್ಣ ಉರಿನಾ? ಹಾಗೆ ಮಾಡಿದ್ರೆ ಸಾಕೈ ರಬ್ಬರ್ ಆಗತ್ತೆ ಗುರು!" ಇದೇ ಖಜಾಂಚಿ ಹೋದ ಸಭೆಯಲ್ಲಿ ಮೀನು ಬೇಡವೆಂದು ಮೊದಲು ಕೈಯೆತ್ತಿದವರು. ಇಬ್ಬರೂ ಉರಿಯ ವಿಷಯಕ್ಕೆ ಕಿತ್ತಾಡುತ್ತಿದ್ದಾಗ ಹಿಂದಿನ ಸಾಲಿನಿಂದ ಕಾರ್ಯದರ್ಶಿಯ ಹೆಂಡತಿಯ ದನಿ ಬಂತು.

"ರೀ, ಸುಮ್ನೆ ಕೂತ್ಕೊಳ್ಳಿ. ಎರಡು ವರ್ಷದಿಂದ ನೀವು ಸಾಕೈ ಅಂತ ಚಪ್ಪರಿಸ್ತಿರೋದು ಕೇಟಾನೇ. ಬ್ಯಾಡಗಿ ಮೆಣಸಿನಪುಡಿ ಬಳಿದ್ರೆ ಯಾವ ಮೀನಾದ್ರೂ ಕೆಂಪಗಿರತ್ತೆ."

ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಕಾರ್ಯದರ್ಶಿ ಕೂತವರು ಮತ್ತೆ ಏಳಲಿಲ್ಲ. ಖಜಾಂಚಿ ಗಂಟಲು ಸರಿಮಾಡಿಕೊಂಡು ಕೂಟದ ಮರ್ಯಾದೆ ಉಳಿಸಲು ನೋಡಿದರು: "ಸರಿ, ಮೀನಿಗೂ ಒಂದು ಮೇಜು ಇರ್ಲಿ. ಆದ್ರೆ ಪಾರ್ಕಿನ ಆ ತುದಿಯಲ್ಲಿ, ಮರದ ಹಿಂದೆ ಹಾಕ್ಸೋಣ."

ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದ ನಮ್ಮ ಹಿರಿಯ ಅಧ್ಯಕ್ಷರು ಈಗ ಕಣ್ಣು ಬಿಟ್ಟರು.

"ಅಷ್ಟು ದೂರ ಯಾಕ್ರೀ? ನನಗೆ ಮಂಡಿನೋವು."