ಕೆಂಪಾಗಲೊಲ್ಲದ ರಾಸ್ಪ್‌ಬೆರಿ

ಟೈಲರ್ ಬೆಳಿಗ್ಗೆ ಎದ್ದವನೇ ಗಾಜಿನ ಬಟ್ಟಲೊಂದನ್ನು ತೊಳೆಯತೊಡಗಿದ. ಒಮ್ಮೆ ಸೋಪಿನಲ್ಲಿ, ಒಮ್ಮೆ ಬರೀ ನೀರಿನಲ್ಲಿ. ಮೆಷಿನ್ನಿನ ಪಕ್ಕ ಬಿದ್ದಿದ್ದ ಲೈನಿಂಗ್ ಬಟ್ಟೆಯ ತುಂಡಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ತೊಳೆದ. ಮನೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಹೆಂಡತಿ ಅಕ್ಕನ ಮನೆಗೆ ಹೋಗಿ ವಾರವಾಗಿತ್ತು. ಸಂಜೆ ಬಸ್ಸಿಗೆ ಬರುವವಳಿದ್ದಳು. ಬಂದ ಕೂಡಲೇ ಈ ಬಟ್ಟಲಿನ ತುಂಬ ಹಿತ್ತಲಿನ ರಾಸ್ಪ್‌ಬೆರಿ ಹಣ್ಣು ಅವಳ ಕೈಗಿಡಬೇಕು, ಮೊದಲ ಹಣ್ಣು ಅವಳದೇ ಬಾಯಿಗೆ ಬೀಳಬೇಕು ಎಂದು ಅವನು ಹಟ ತೊಟ್ಟಿದ್ದ. ಫೋನಿನಲ್ಲಿ ಹಣ್ಣಿನ ಮಾತನ್ನೇ ಎತ್ತಿರಲಿಲ್ಲ.

ಹಟಕ್ಕೆ ಕಾರಣವಿತ್ತು. ಕಳೆದ ವರ್ಷ, ಇನ್ನೂ ಒಮ್ಮೆಯೂ ಹಣ್ಣು ಬಿಡದ ಗಿಡದ ಕಡ್ಡಿಗಳು ಒಣಗಿದಂತೆ ಕಂಡಿದ್ದರಿಂದ ಬಟ್ಟೆಯ ಕತ್ತರಿಯಲ್ಲೇ ಎಲ್ಲವನ್ನೂ ನೀಟಾಗಿ ಬುಡಮಟ್ಟ ಕತ್ತರಿಸಿದ್ದ. ಒಂದು ವರ್ಷ ಬೆಳೆದ ಕಡ್ಡಿಯಲ್ಲೇ ಮರುವರ್ಷ ಹಣ್ಣು ಬಿಡುವುದೆಂದು ಹೆಂಡತಿ ಹಣೆ ಚಚ್ಚಿಕೊಂಡಾಗಲೇ ಅವನಿಗೆ ತಿಳಿದದ್ದು. ಅಂದಿನಿಂದ ಅವನು ಗಿಡದ ಹತ್ತಿರ ಸುಳಿದರೆ ಸಾಕು, "ಏನ್ರೀ, ಅಳತೆ ತಗೊಳೋಕೆ ಹೊರಟ್ರಾ?" ಎನ್ನುತ್ತಿದ್ದಳು. ಈ ಸಲ ಹೊರಡುವಾಗಲೂ, "ಗಿಡ ನಿಮ್ಮ ಕೈಗೆ ಬಿಟ್ಟು ಹೋಗ್ತಿದೀನಿ. ದೇವರೇ ಕಾಪಾಡಬೇಕು" ಎಂದಿದ್ದಳು.

ಬಟ್ಟಲು ಹಿಡಿದು ಹಿತ್ತಲಿಗೆ ಬಂದ. ಗಿಡದಲ್ಲಿ ಹಣ್ಣಿದ್ದವು ನಿಜ, ಆದರೆ ಕೆಂಪಾಗಬೇಕಾದವು ಎಲ್ಲವೂ ಹಳದಿ. ಮೂರು ನಾಲ್ಕು ದಿನದಿಂದ ಹಳದಿಯಾಗೇ ಕುಳಿತಿದ್ದವು. ಅವನಿಗೆ ಸಮಾಧಾನ ಕೊಟ್ಟದ್ದು ನಡುನಡುವೆ ಕಾಣುತ್ತಿದ್ದ ಪುಟ್ಟ ಬಿಳಿ ಮೊನೆಗಳು. ದಿನದಿಂದ ದಿನಕ್ಕೆ ಅವು ಹೆಚ್ಚುತ್ತಿದ್ದವು. ಮುಂದಿನ ಫಸಲಿನ ಮೊಗ್ಗು ಎಂದುಕೊಂಡು, ಅವುಗಳಿಗೆ ಉಸಿರು ಕೂಡ ತಾಗದಂತೆ ಓಡಾಡುತ್ತಿದ್ದ. ಹಕ್ಕಿ ಬರದಿರಲೆಂದು ಖಾಲಿ ನೂಲಿನ ರೀಲುಗಳನ್ನು ಪೋಣಿಸಿ ತೂಗುಹಾಕಿದ್ದ. ಒಂದು ಹಕ್ಕಿಯೂ ಬಂದಿರಲಿಲ್ಲ.

"ಏನ್ರೀ ಟೈಲರ್, ಇನ್ನೂ ಹಳದೀನಾ?" ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ದಿನದಂತೆ ಗೇಟು ತಳ್ಳಿಕೊಂಡು ಬಂದರು. "ತಡೀರಿ, ಪರೀಕ್ಷೆ ಮಾಡಿ ಹೇಳ್ತೀನಿ."

ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ಏನೋ ನೆನಪಾದವರಂತೆ ಮುಖವನ್ನು ಹಿಂಡಿದ ನಿಂಬೆ ಸಿಪ್ಪೆಯ ಹಾಗೆ ಮಾಡಿ, "ಅಯ್ಯಯ್ಯೋ, ಹುಳಿ ಕಣ್ರೀ!" ಎಂದರು.

"ಎಲ್ಲಾನೂ ಹುಳೀನಾ ಸಾರ್?"

"ಒಬ್ಬನ ಉತ್ತರ ನೋಡಿ ಇಡೀ ಕ್ಲಾಸನ್ನ ಫೇಲ್ ಮಾಡೋಕಾಗುತ್ತೇನ್ರೀ?" ಮೇಷ್ಟ್ರು ಇನ್ನೂ ನಾಲ್ಕು ಕಿತ್ತು ತಿಂದರು. ಅವೂ ಫೇಲಾದವು. "ಬಿಸಿಲು ಸಾಲದು. ಕನ್ನಡಿ ಇಟ್ಟು ಬಿಸಿಲನ್ನ ಗಿಡಕ್ಕೆ ತಿರುಗಿಸಿ."

ಗಿರಾಕಿಗಳು ನಿಂತು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯನ್ನು ಟೈಲರ್ ಮಗುವಿನಂತೆ ತಬ್ಬಿಕೊಂಡು ಹಿತ್ತಲಿಗೆ ತಂದ. ಬಿಸಿಲು ಗಿಡಕ್ಕೆ ಬೀಳುವ ಬದಲು ಹಿಂದಿನ ಮನೆಯ ಕಿಟಕಿಗೆ ಬಿತ್ತು. ಅಲ್ಲಿಂದ ಅಜ್ಜಿಯೊಬ್ಬರು ಕೋಲು ಕುಟ್ಟಿಕೊಂಡು ಬಂದೇಬಿಟ್ಟರು.

"ಕಣ್ಣು ಕುರುಡು ಮಾಡ್ತೀಯೇನೋ! ಆಪರೇಷನ್ ಆಗಿ ತಿಂಗಳಾಗಿಲ್ಲ!"

"ತಪ್ಪಾಯ್ತಜ್ಜಿ. ಇದು ಕೆಂಪಾಗ್ತಾನೇ ಇಲ್ಲ."

"ಎಲ್ಲಿ, ಇವತ್ತೂ ನೋಡ್ತೀನಿ ಕೊಡು. ಹುಳಿಗೆ ಜುಮ್ಮನ್ನೋಕೆ ನನಗೆ ಹಲ್ಲೆಲ್ಲಿದೆ?" ಅಜ್ಜಿ ಎರಡು ಕೈಯಿಂದಲೂ ಪರೀಕ್ಷೆ ನಡೆಸಿದರು. "ಹುಳಿ ಕಣಪ್ಪಾ. ಒಂದು ಕೆಂಪು ಬಟ್ಟೆ ಹೊದಿಸು. ಪಕ್ಕದವರನ್ನ ನೋಡಿ ಮನುಷ್ಯರೇ ಕೆಟ್ಟುಹೋಗ್ತಾರೆ, ಕೆಂಪು ನೋಡಿ ಕಾಯಿ ಕೆಂಪಾಗಲ್ವಾ?"

ಟೈಲರ್ ಕೆಂಪು ಬಟ್ಟೆ ತಂದು ಗಿಡಕ್ಕೆ ಡೇರೆಯಂತೆ ಹೊದಿಸಿದ. ಕಾವು ಹಿಡಿದಿದೆಯೋ ನೋಡುತ್ತೇನೆಂದು ಅಜ್ಜಿ ಬಟ್ಟೆಯೊಳಗೆ ನುಸುಳಿದರು. ಬಹಳ ಹೊತ್ತು ಅವರ ಕೋಲು ಮಾತ್ರ ಹೊರಗೆ ಕಾಣುತ್ತಿತ್ತು.

ಇಳಿಹೊತ್ತಿಗೆ ಬೇಕರಿಯವನು ತನ್ನ ಹೊಸ ಪ್ಯಾಂಟಿಗೆ ಬಂದ. ತಾನು ಮಾಡುವ ಬನ್ನಿನಂತೆಯೇ ಉಬ್ಬಿದ ಮನುಷ್ಯ. ಪ್ಯಾಂಟು ತೊಟ್ಟು, "ಟೈಲರಣ್ಣಾ, ಕನ್ನಡಿ ಎಲ್ಲಿ?" ಎಂದು ಹುಡುಕಿಕೊಂಡು ಹಿತ್ತಲಿಗೇ ಬಂದ. ಎದುರಿನಿಂದ ನೋಡಿಕೊಂಡ. ಪಕ್ಕದಿಂದ ನೋಡಿಕೊಂಡ. ದೂರದಿಂದ ಹೇಗೆ ಕಾಣುತ್ತದೆಂದು ನೋಡಲು ಹಿಂದೆ ಹಿಂದೆ ಹೋದ.

ಪರ್‍ರ್ ಎಂದಿತು. ಆ ಸದ್ದು ಟೈಲರ್‌ಗೆ ತನ್ನ ಹೆಸರಿನಷ್ಟೇ ಪರಿಚಯ.

"ಅಲ್ಲಾಡಬೇಡಿ!" ಎಂದು ಅವನು ಮೊಣಕಾಲೂರಿ ಪ್ಯಾಂಟಿನಿಂದ ಗಿಡದ ಮುಳ್ಳುಗಳನ್ನು ಒಂದೊಂದೇ ಬಿಡಿಸತೊಡಗಿದ. ಬೆರಳೆಲ್ಲ ರಕ್ತ. ಡೇರೆಯೊಳಗೆ ನುಗ್ಗಿ ಗಿಡದಲ್ಲಿ ಸಿಕ್ಕಿಬಿದ್ದ ಬೇಕರಿಯವನಿಗೆ ಮೂಗಿನ ತುದಿಗೇ ಹಣ್ಣು. ಅವನ ನರಳಾಟ ತುಸು ಹೊತ್ತಿನಲ್ಲೇ ನಿಂತಿತು.

"ತುಂಬಾ ನೋಯ್ತಿದೆಯಾ?" ಕೆಳಗಿನಿಂದ ಟೈಲರ್ ಕೇಳಿದ.

"ಹ್ಞೂಂ. ನಿಧಾನವಾಗಿ ಬಿಡಿಸಿ, ಅವಸರ ಇಲ್ಲ." ಮೇಲಿನಿಂದ ತುಂಬಿದ ಬಾಯಿಯ ಉತ್ತರ ಬಂತು. "ಹುಳಿ ಅಣ್ಣಾ, ವಿಪರೀತ ಹುಳಿ."

ಪ್ಯಾಂಟನ್ನು ಮತ್ತೆ ಹೊಲಿಯಲು ಟೈಲರ್ ಮೆಷಿನ್ನಿಗೆ ಕುಳಿತ. ಬೇಕರಿಯವನು ಟವೆಲ್ ಸುತ್ತಿಕೊಂಡು, ಮೇಷ್ಟ್ರು, ಅಜ್ಜಿಯರ ಜೊತೆ ಗಿಡದ ಕಾವಲಿಗೆ ನಿಂತ. ಎಂಥ ನೆರೆಹೊರೆ ತನ್ನದು ಎಂದು ಟೈಲರ್‌ಗೆ ಮನಸ್ಸು ತುಂಬಿ ಬಂತು. ಕೊನೆಯ ಹೊಲಿಗೆ ಮುಗಿಸಿ ದಾರ ಕಡಿಯುವಷ್ಟರಲ್ಲಿ ಹೆಂಡತಿ ಬ್ಯಾಗು ಹೊತ್ತು ನೇರ ಹಿತ್ತಲಿಗೇ ನಡೆದಿದ್ದಳು.

"ರೀ, ಇಲ್ಲೇನು ನಾಟಕದ ಕಂಪನಿ ಇಳಿದಿದೆಯಾ?"

ಕನ್ನಡಿ, ಕೆಂಪು ಪರದೆ, ಟವೆಲ್ಲಿನ ಬೇಕರಿಯವನು. ಓಡಿಬಂದ ಟೈಲರ್ ಖಾಲಿ ಬಟ್ಟಲು ಹಿಡಿದು ತಲೆ ತಗ್ಗಿಸಿದ. "ನಾನು ಕತ್ತರಿ ಮುಟ್ಟಿಲ್ಲ ಕಣೇ. ಆದ್ರೂ ಕೆಂಪಾಗಲಿಲ್ಲ. ಹಳದೀಲೇ ನಿಂತುಬಿಡ್ತು."

"ಇದು ಹಳದಿ ಜಾತಿ ಕಣ್ರೀ! ಹಳದಿ ಆದ್ರೆ ಹಣ್ಣಾದ ಹಾಗೆ! ಹಕ್ಕಿಗಳು ಕಾಯಿ ಅಂದ್ಕೊಂಡು ಬಿಟ್ಟುಹೋಗಲಿ ಅಂತ ನರ್ಸರೀಲಿ ನಾನೇ ಆರಿಸಿದ್ದು. ನಿಮ್ಮ ಎದುರೇ ಹೇಳಿದ್ನಲ್ಲ, ಆಗ ಎಲ್ಲಿತ್ತು ನಿಮ್ಮ ಗ್ಯಾನ?"

ಎಲ್ಲಿತ್ತೆಂದು ಅವನಿಗೆ ನೆನಪಾಯಿತು. ನರ್ಸರಿಯವನ ಅಂಗಿಯ ಕಾಲರು ಸೊಟ್ಟಗಿತ್ತು. ಅದನ್ನೇ ನೋಡುತ್ತಿದ್ದ.

"ಮತ್ತೆ ಎಲ್ಲರೂ ಹುಳಿ ಅಂದ್ರಲ್ಲೇ?"

ಹೆಂಡತಿ ಕೆಂಪು ಬಟ್ಟೆಯನ್ನು ಸರಕ್ಕನೆ ಎಳೆದಳು. ಗಿಡದ ತುಂಬ ಬಿಳಿ ಮೊನೆಗಳು. "ಇದೇನು ಗೊತ್ತಾ?"

"ಮೊಗ್ಗು."

"ದಿಂಡು ರೀ! ಹಣ್ಣು ಕಿತ್ತ ಮೇಲೆ ಉಳಿಯೋ ದಿಂಡು. ಕಾಯಿ ಎಳೆದ್ರೆ ಬಿಟ್ಟುಕೊಳ್ಳೋದೇ ಇಲ್ಲ. ಚೆನ್ನಾಗಿ ಮಾಗಿದ್ದು ಮಾತ್ರ ಟೋಪಿ ಕಳಚಿದ ಹಾಗೆ ಬಂದುಬಿಡುತ್ತೆ."

ಟೋಪಿಗಳೆಲ್ಲ ಯಾರ ತಲೆಗೆ ಬಿದ್ದವೆಂದು ಟೈಲರ್‌ಗೆ ಹೊಳೆಯಿತು. ಹಕ್ಕಿಗಳ ಜೊತೆ ಅವನೊಬ್ಬನೇ ಮೋಸ ಹೋಗಿದ್ದ.

ಅವಳು ಎಲೆಗಳನ್ನು ಎತ್ತಿ ಎತ್ತಿ ಹುಡುಕಿದಳು. ಬುಡದ ಹತ್ತಿರ ಒಂದೇ ಒಂದು ಹಣ್ಣು, ಜೇನಿನ ಬಣ್ಣದ್ದು, ಉಳಿದಿತ್ತು. ಮುಟ್ಟಿದ ಕೂಡಲೇ ಕಳಚಿ ಅಂಗೈಗೆ ಬಿತ್ತು. ಟೈಲರ್ ಮುಳ್ಳು ಚುಚ್ಚಿದ ಕೈಯಲ್ಲಿ ಬಟ್ಟಲು ಚಾಚಿ ಅದರಲ್ಲಿ ಹಾಕಿಸಿಕೊಂಡ. ಬಟ್ಟಲನ್ನು ತಿರುಗಿ ಅವಳಿಗೇ ಹಿಡಿದ. "ಮೊದಲ ಹಣ್ಣು ನಿನಗೇ ಅಂತ ಅಂದ್ಕೊಂಡಿದ್ದೆ. ತಗೋ."

ಅವಳ ಮುಖ ಮೆತ್ತಗಾಯಿತು. ಅರ್ಧ ಕಚ್ಚಿ ಕೊಡುತ್ತಾಳೆಂದು ಅವನು ಕಾದ. ಅವಳು ಇಡೀ ಹಣ್ಣು ಬಾಯಿಗೆ ಹಾಕಿಕೊಂಡು, ಬ್ಯಾಗಿನ ಭಾರವನ್ನೇ ಮರೆತವಳಂತೆ ಕಣ್ಣು ಮುಚ್ಚಿ ನಿಂತಳು. ಆ ಮುಖದಲ್ಲಿ ನಿಂಬೆ ಸಿಪ್ಪೆಯ ಸುಕ್ಕು ಒಂದೂ ಇರಲಿಲ್ಲ.

ಟೈಲರ್ ಅವಳನ್ನು ನೋಡಿದ. ಉಳಿದ ಮೂವರನ್ನೂ ನೋಡಿದ. ಮೇಷ್ಟ್ರು ಆಕಾಶ ನೋಡುತ್ತಿದ್ದರು, ಅಜ್ಜಿ ಕೋಲಿನ ತುದಿ ನೋಡುತ್ತಿದ್ದರು, ಬೇಕರಿಯವನು ಟವೆಲ್ ಬಿಗಿ ಮಾಡಿಕೊಳ್ಳುತ್ತಿದ್ದ.

"ರುಚಿ ಹೇಗಿರುತ್ತೆ ಅಂತ ಯಾರಾದ್ರೂ ಒಬ್ಬರು ಹೇಳ್ರಪ್ಪಾ" ಎಂದ ಟೈಲರ್.

ಗಾಳಿಗೆ ನೂಲಿನ ರೀಲುಗಳು ಟಕಟಕ ಎಂದವು.