ಶಿಂಷಾ ಹೊಳೆಗೆ ಬಣ್ಣ ಕೊಟ್ಟ ಮಹನೀಯರಿಗೆ

ಮದ್ದೂರು, ಮಾರ್ಚಿ 1945

ಮಾನ್ಯರೇ,

ಹೊಳೆದಂಡೆಯ ಚರ್ಮ ಹದ ಮಾಡುವ ಕಾರ್ಖಾನೆಗೆ ಮ್ಯಾನೇಜರಾಗಿ ದಯಮಾಡಿಸಿರುವ ತಮ್ಮ ಪಾದಗಳಿಗೂ, ಆ ಪಾದಗಳಲ್ಲಿ ಸದಾ ಮಿರುಗುವ ಬೂಟುಗಳಿಗೂ, ಮದ್ದೂರು ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕಿ, ಕೆಟ್ಟ ಸ್ಟವ್ವುಗಳನ್ನು ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿರುವ ನಯಾಜ್ ಪಾಷಾ ಎಂಬ ನಾನು ಮಾಡುವ ಅನಂತ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಾರ್ಖಾನೆಯ ಕ್ಷೇಮವನ್ನು ಮಾತ್ರ ನಂಬಿಕೆಯ ಮೇಲೆ ಬಿಡಬೇಕಾಗಿಲ್ಲ. ಗಾಳಿ ಬೀಸಿದಾಗಲೆಲ್ಲ ಅದು ತಾನಾಗಿಯೇ ನಮ್ಮ ಮನೆಯೊಳಕ್ಕೆ ಬಂದು ತಿಳಿಸಿ ಹೋಗುತ್ತದೆ.

ಈ ಪತ್ರವನ್ನು ತಮ್ಮ ಕಚೇರಿಗೇ ಕಳಿಸಬಹುದಾಗಿತ್ತು. ಆದರೆ ನಾವು ಹಿಂದೆ ಕಳಿಸಿದ ಅರ್ಜಿಗಳು ಅಲ್ಲಿ ಬಹಳ ನೆಮ್ಮದಿಯಾಗಿ ಮಲಗಿವೆಯೆಂದು ಕೇಳಿ, ಅವುಗಳ ನಿದ್ದೆ ಕೆಡಿಸಬಾರದೆಂಬ ಕಾರಣದಿಂದ ಇದನ್ನು ಚಾವಡಿಯ ಗೋಡೆಗೆ ಅಂಟಿಸುತ್ತಿದ್ದೇನೆ. ಓದು ಬಲ್ಲವರು ಬಾರದವರಿಗೆ ಓದಿ ಹೇಳುತ್ತಾರೆ. ತಾವೂ ಸಂತೆಯ ಕಡೆ ಬಂದಾಗ ಒಂದು ಗಳಿಗೆ ನಿಂತು ಕೃಪೆ ಮಾಡಬೇಕು.

ಮೊದಲಿಗೇ ಹೇಳಿಬಿಡುತ್ತೇನೆ, ಚರ್ಮದ ಕೆಲಸದ ಮೇಲೆ ನಮಗಾರಿಗೂ ತಕರಾರಿಲ್ಲ. ನಾವೂ ಚಪ್ಪಲಿ ಮೆಟ್ಟುವವರೇ. ತಮ್ಮಲ್ಲಿ ದುಡಿಯುವವರು ನಮ್ಮ ನೆಂಟರು, ನೆರೆಯವರು. ಯುದ್ಧ ನಡೆಯುತ್ತಿದೆ, ಸಿಪಾಯಿಗಳಿಗೆ ಬೂಟು ಬೇಕು, ಬೂಟಿಗೆ ತೊಗಲು ಬೇಕು, ತೊಗಲಿಗೆ ಸುಣ್ಣವೂ ಕೂದಲು ಉದುರಿಸುವ ಮದ್ದೂ ತಂಗಡಿ ತೊಗಟೆಯ ರಸವೂ ಬೇಕು ಎಂಬುದನ್ನೆಲ್ಲ ಒಪ್ಪುತ್ತೇವೆ. ಅವುಗಳ ಕೆಲಸ ಮುಗಿದ ಮೇಲೆ ಅವನ್ನು ಕುಡಿಯುವುದಕ್ಕೆ ನಾವು ಬೇಕು ಎಂಬುದೊಂದು ಮಾತ್ರ ನಮಗೆ ತಿಳಿದಿರಲಿಲ್ಲ.

ತಾವು ಬರುವ ಮೊದಲು ನಮ್ಮ ಶಿಂಷಾ ಹೊಳೆ ತೀರ ಬಡ ಹೊಳೆಯಾಗಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ತಳದ ಕಲ್ಲುಗಳನ್ನು ಮುಚ್ಚಿಕೊಳ್ಳುವಷ್ಟು ಮಾನವೂ ಅದಕ್ಕಿರಲಿಲ್ಲ. ಬೇಸಗೆಯಲ್ಲಿ ಹರಿವು ಸಣ್ಣದಾದಾಗ ಹೆಂಗಸರು ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ಒರತೆ ಜಿನುಗಿ, ತಿಳಿಯಾಗಿ ನಿಂತ ಮೇಲೆ ಸೋರೆಬುರುಡೆಯಿಂದ ಮೊಗೆದು ಬಿಂದಿಗೆ ತುಂಬುತ್ತಿದ್ದರು. ನನ್ನ ಹೆಂಡತಿ ಬಷೀರುನ್ನೀಸಾಳ ಒರತೆಯೂ, ಹಿಂದಿನ ಬೀದಿಯ ಮರಿತಾಯಮ್ಮನ ಒರತೆಯೂ ಅಕ್ಕಪಕ್ಕದಲ್ಲಿದ್ದವು. ಬಿಂದಿಗೆ ಬೇರೆಯಾದರೂ ಮಾತು ಒಂದೇ. ಈ ಮರಿತಾಯಮ್ಮ ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ ಸಾಕಿಕೊಂಡು, ಹೊಳೆಯ ಮರಳಲ್ಲಿ ಸೌತೆ ಬಳ್ಳಿ ಹಬ್ಬಿಸಿಕೊಂಡು, ಯಾರ ಹಂಗಿಗೂ ಬೀಳದೆ ಬದುಕಿದ ಹೆಂಗಸು. ಆಕೆಯ ಪರಿಚಯ ತಮಗೆ ಆಮೇಲೆ ಚೆನ್ನಾಗಿಯೇ ಆಯಿತು.

ಊರಿನ ಮೇಲುಗಡೆ ತಮ್ಮ ಕಾರ್ಖಾನೆ ಎದ್ದು, ಅದರ ಕಾಲುವೆಯನ್ನು ತಾವು ಹೊಳೆಗೆ ಬಿಡಿಸಿದ ಮೇಲೆ ಈ ಬಡತನ ನೀಗಿತು. ನೀರು ಮೊದಲು ಚಹದ ಬಣ್ಣಕ್ಕೆ ಬಂದು, ಯುದ್ಧದ ಅಭಾವದಿಂದ ಪೇಟೆಯಲ್ಲಿ ಕಾಫಿಪುಡಿ ಸಿಗದೆ ಹೋದ ಕಾಲಕ್ಕೆ ಸರಿಯಾಗಿ ಕಾಫಿಯ ಬಣ್ಣಕ್ಕೆ ತಿರುಗಿತು. ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ಮಳವಳ್ಳಿಯ ಕಡೆಗೆ ಯಾತ್ರೆ ಹೊರಟವು. ಬಲೆ ಬೀಸುವ ಶ್ರಮವನ್ನು ತಪ್ಪಿಸಿದ್ದಕ್ಕೆ ಬೆಸ್ತರು ತಮಗೆ ಪ್ರತ್ಯೇಕವಾಗಿ ವಂದನೆ ತಿಳಿಸುವವರಿದ್ದಾರೆ. ಮರಿತಾಯಮ್ಮನ ಸೌತೆ ಬಳ್ಳಿ ಹೂವಿನಲ್ಲೇ ಕರಟಿತು. ಮರಳು ಸೋಸಿ ಕೊಡುತ್ತದೆಯಲ್ಲ ಎಂದು ನಾವು ಒರತೆಯನ್ನು ಮಾತ್ರ ನಂಬಿಕೊಂಡೇ ಇದ್ದೆವು.

ಹೋದ ಬೇಸಗೆಯಲ್ಲಿ ನನ್ನ ಮಗಳು ಆಮಿನಾಳಿಗೆ ವಾಂತಿಭೇದಿ ಹತ್ತಿತು. ಇನ್ನೂ ಮಾತು ನೆಟ್ಟಗೆ ಬಾರದ ಕೂಸು ಅದು. ನೀರು ಕೇಳುವುದು, ಕುಡಿಯುವುದು, ಕುಡಿದದ್ದನ್ನು ಕಕ್ಕಿ ಮತ್ತೆ ನೀರು ಕೇಳುವುದು, ಇಷ್ಟೇ ಅದರ ಕೆಲಸವಾಯಿತು. ಕೊಡುತ್ತಿರುವ ಔಷಧಕ್ಕಿಂತ ಕೊಡುತ್ತಿರುವ ನೀರು ಹೆಚ್ಚು ಕೆಲಸ ಮಾಡುತ್ತಿದೆ, ಹೊಳೆಯ ನೀರು ನಿಲ್ಲಿಸಿ ಎಂದು ಡಾಕ್ಟರು ಹೇಳಿದರು. ಬಷೀರುನ್ನೀಸಾ ಅಂದಿನಿಂದ ಬಿಂದಿಗೆ ಹೊತ್ತು, ಕಾರ್ಖಾನೆಯನ್ನೂ ದಾಟಿ, ಇನ್ನೂ ಮೇಲಕ್ಕೆ ನಡೆದುಹೋಗಿ ನೀರು ತಂದಳು. ಮಗು ಉಳಿಯಿತು. ಕೂಸಿನ ಕೈ ಹಿಡಿದರೆ ಬಳೆ ಮಾತ್ರ ಹಿಡಿದಂತಾಗುತ್ತಿದ್ದ ಆ ದಿನಗಳ ವಿಷಯದಲ್ಲಿ ತಮ್ಮನ್ನು ಹೊಗಳುವ ಮಾತು ನನಗೆ ಎಷ್ಟು ಹುಡುಕಿದರೂ ಸಿಗಲಿಲ್ಲ; ಕ್ಷಮಿಸಬೇಕು.

ಅದೇ ಸುಮಾರಿಗೆ ಮರಿತಾಯಮ್ಮನ ಎಮ್ಮೆ ಹೊಳೆಗೆ ಇಳಿದು ನೀರು ಕುಡಿದು ಬಂದು, ಹೊಟ್ಟೆ ಉಬ್ಬಿಸಿಕೊಂಡು ಸತ್ತಿತು. ಸುದ್ದಿ ಬೀದಿಯ ಕೊನೆಗೆ ಮುಟ್ಟುವ ಮೊದಲೇ ತಮ್ಮ ಏಜೆಂಟರು ಆಕೆಯ ಬಾಗಿಲಲ್ಲಿದ್ದರು. ಯುದ್ಧಕಾಲದ ರೇಟು ಇದೆ, ಎಮ್ಮೆಯ ತೊಗಲು ಕಾರ್ಖಾನೆಗೇ ಕೊಡು ಎಂದು ಬಹಳ ವಿನಯದಿಂದ ಕೇಳಿದರು. ನೀರು ಕಳಿಸಿ ತೊಗಲು ತರಿಸಿಕೊಳ್ಳುವ ಇಂಥ ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರಿತಾಯಮ್ಮ ಅಳುವುದನ್ನು ನಿಲ್ಲಿಸಿ ಅವರನ್ನು ಒಮ್ಮೆ ನೋಡಿದಳು.

“ಜೀವ ಆಗ್ಲೇ ತಗೊಂಡಿದ್ದೀರಿ,” ಎಂದಳು. “ತೊಗಲಾರ ನಂಗಿರ್ಲಿ ಬುಡಿ.”

ಆ ಎಮ್ಮೆಯನ್ನು ತೊಗಲಿನ ಸಮೇತ ಹೂಳಿದೆವು. ಗುಂಡಿ ತೋಡಿದವರಲ್ಲಿ ತಮ್ಮ ಕಾರ್ಖಾನೆಯ ತೂಬು ಕಾಯುವ ಸಿದ್ದರಾಜುವೂ ಇದ್ದ. ಹೊಳೆಗೆ ಹೋಗುವ ನೀರಿನ ಹಲಗೆ ಎತ್ತುವುದೂ ಇಳಿಸುವುದೂ ಅವನದೇ ಕೆಲಸ. ಅವನು ಆವತ್ತು ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಊರವರೆಲ್ಲ ಸೇರಿ ಮಂಡ್ಯಕ್ಕೆ ಅರ್ಜಿ ಬರೆದೆವು. ನೀರಿನ ಪರೀಕ್ಷೆಗೆಂದು ಒಬ್ಬರು ಅಧಿಕಾರಿಗಳು ಬಂದರು. ಅವರು ಬರುವ ಸುದ್ದಿ ನಮಗಿಂತ ಮೊದಲು ತಮಗೆ ತಿಳಿದಿದ್ದರಿಂದ, ತಮ್ಮ ತೂಬು ಕೆಲವು ದಿನ ಮುಂಚಿತವಾಗಿಯೇ ಮುಚ್ಚಿ, ಹೊಳೆ ತನ್ನ ಹಳೆಯ ಬಡತನಕ್ಕೆ ಮರಳಿತ್ತು. ಅಧಿಕಾರಿಗಳು ಮ್ಯಾನೇಜರಾದ ತಮ್ಮ ಬಂಗಲೆಯ ಮುಂದಣ ಹೊಳೆಯ ಮೆಟ್ಟಿಲಲ್ಲಿ, ಅಂದರೆ ಕಾಲುವೆಗಿಂತ ಮೇಲುಗಡೆ, ಸೀಸೆ ತುಂಬಿಸಿಕೊಂಡು, ಬಿಸಿಲಿಗೆ ಹಿಡಿದು ನೋಡಿ, ನೀರು ಉತ್ತಮವಾಗಿದೆ ಎಂದರು. ಕೆಳಗೆ ಬಂದು ನೋಡಿ ಎಂದು ನಾವು ಕೈಮುಗಿದಾಗ ಬಿಸಿಲು ಜಾಸ್ತಿಯಾಗಿತ್ತು. ಬಾಯಾರಿಕೆಗೆ ಅವರು ಆ ಉತ್ತಮ ನೀರನ್ನು ಬಿಟ್ಟು ಸೋಡಾ ತರಿಸಿಕೊಂಡು ಕುಡಿದದ್ದು, ಬಡವರ ನೀರು ಖರ್ಚಾಗಬಾರದೆಂಬ ಮರುಕದಿಂದಲೇ ಇರಬೇಕು. ಅವರ ಕಾರು ಮಂಡ್ಯದ ರಸ್ತೆ ಹಿಡಿದ ಕೂಡಲೇ ತೂಬಿನ ಹಲಗೆ ಎದ್ದಿತು.

ಗಂಡಸರಾದ ನಾವು ಇನ್ನೊಂದು ಅರ್ಜಿ ಬರೆಯೋಣವೇ ಎಂದು ಯೋಚಿಸುತ್ತಾ ಕೂತೆವು. ಹೆಂಗಸರು ಬರೆಯುವ ಗೋಜಿಗೆ ಹೋಗಲಿಲ್ಲ. ಬೆಳಗ್ಗೆ ಕಾಲುವೆಯ ಬಾಯಿಗೇ ಬಿಂದಿಗೆ ಒಡ್ಡಿ ತುಂಬಿಕೊಂಡು, ಮರಿತಾಯಮ್ಮ ಮುಂದೆ, ಬಷೀರುನ್ನೀಸಾ ಪಕ್ಕದಲ್ಲಿ, ಬೀದಿಗೆ ಬೀದಿಯೇ ಹಿಂದೆ, ತಮ್ಮ ಗೇಟಿಗೆ ಬಂದು ಸಾಲಾಗಿ ಬಿಂದಿಗೆ ಇಳಿಸಿದರು. ತಾವು ಹೊರಗೆ ಬಂದಿರಿ. ಆ ಸೌಜನ್ಯವನ್ನು ನಾವು ಮರೆತಿಲ್ಲ. ಮರಿತಾಯಮ್ಮ ಬೆಳಗಿದ ಚೊಂಬಿಗೆ ಆ ನೀರನ್ನು ಬಗ್ಗಿಸಿ, ಎರಡು ಕೈಯಲ್ಲಿ ಹಿಡಿದು ತಮ್ಮ ಮುಂದೆ ಚಾಚಿದಳು.

“ಒಂದ್ ಚೊಂಬು ಕುಡುದ್ಬುಡಿ ಬುದ್ಧಿ. ನಾವು ಸುಮ್ನೆ ಒಂಟೋಯ್ತೀವಿ.”

ತಾವು ಕೈ ಚಾಚಲಿಲ್ಲ. ಇದು ಕುಡಿಯುವ ನೀರಲ್ಲ ಎಂದು ಬಿಡಿಸಿ ಹೇಳಿದಿರಿ. ಮಂಡ್ಯದಿಂದ ಬಂದವರಿಗೂ ಹೊಳೆಯದ ಸತ್ಯ ತಮ್ಮ ಬಾಯಿಂದಲೇ ಬಂದದ್ದಕ್ಕೆ ನಾವು ಎಂದೆಂದಿಗೂ ಋಣಿಗಳು. ನನ್ನ ಹೆಂಡತಿ ಗಂಡಸರ ಎದುರು ಹೆಚ್ಚು ಮಾತಾಡುವವಳಲ್ಲ. ಆವತ್ತು ಮಾತ್ರ ಸೆರಗಿನ ಮರೆಯಿಂದಲೇ, “ಹಂಗಾದ್ರೆ ನಮ್ ಮಕ್ಳಿಗೆ ಏನ್ ಕುಡ್ಸೋದು, ಅದ್ನೂ ನೀವೇ ಹೇಳಿ ಸಾಹೇಬ್ರೆ,” ಎಂದಳು.

ಅಷ್ಟರಲ್ಲಿ ಒಳಗಿನಿಂದ ಸಿದ್ದರಾಜು ನಡೆದು ಬಂದು, ಯಾರೂ ಹೇಳದೆ ತೂಬಿನ ಹಲಗೆ ಇಳಿಸಿ, ಅದರ ಮೇಲೆ ತಾನೇ ಹತ್ತಿ ಕೂತ. ಅವನನ್ನು ಎಬ್ಬಿಸಿ ಎಂದು ತಾವು ಹೇಳಿದಾಗ ಮಿಕ್ಕ ಆಳುಗಳಿಗೆ ಕೂಡಲೇ ಬೇರೆ ಬೇರೆ ಕೆಲಸಗಳ ನೆನಪಾಯಿತು. ನೀರು ಹೊರಬೀಳದೆ ಕಾರ್ಖಾನೆಯ ಕೆಲಸ ನಿಂತು, ಸಾಯಂಕಾಲದ ಹೊತ್ತಿಗೆ ತಾವು ಆ ನೀರಿಗೆ ಇಂಗುಗುಂಡಿ ತೋಡಿಸಲು ಒಪ್ಪಿದಿರಿ.

ಗುಂಡಿಗಳನ್ನು ಊರಿನ ಮೇಲಣ ಒಣ ಬೋರೆಯ ದಿಣ್ಣೆಯಲ್ಲಿ ತೋಡಿಸಿ, ತೋಡುವುದಕ್ಕೆ ನಾವೇ ಬರುತ್ತೇವೆ ಎಂದು ಕೇಳಿಕೊಂಡೆವು. ಅಷ್ಟು ದೂರ ನೀರು ಸಾಗಿಸುವುದು ದಂಡವೆಂದು ತಾವು ಬಂಗಲೆಯ ಹಿಂದೆಯೇ ತೋಡಿಸಿದಿರಿ. ಮಳೆಗಾಲ ಬಂದು, ಹೊಳೆ ತೊಳೆದು ಹೋಗಿ, ಬಣ್ಣ ಬಿಟ್ಟಿತು. ಮಳೆ ನಿಂತ ಮೇಲೂ ತಿಳಿಯಾಗಿಯೇ ಹರಿಯಿತು. ಮರಿತಾಯಮ್ಮ ಮತ್ತೆ ಸೌತೆ ಬೀಜ ಹಾಕಿದಳು. ಬದಲಿಗೆ ತಮ್ಮ ಬಂಗಲೆಯ ಸಿಹಿನೀರ ಬಾವಿ ನಿಧಾನವಾಗಿ ಚಹದ ಬಣ್ಣಕ್ಕೆ ತಿರುಗಿತು. ನಮ್ಮ ಹೊಳೆಗೆ ವರ್ಷಗಟ್ಟಲೆ ಸಲ್ಲುತ್ತಿದ್ದ ಗೌರವ ತಮ್ಮ ಬಾವಿಗೆ ಸಂದದ್ದನ್ನು ತಾವು ಒಂದು ವಾರವೂ ಸಹಿಸಲಿಲ್ಲ. ಗುಂಡಿಗಳ ಏರಿ ಒಡೆಸಿ, ಕಾಲುವೆಯನ್ನು ಮತ್ತೆ ಹೊಳೆಗೇ ತಿರುಗಿಸಿದಿರಿ. ಸಿದ್ದರಾಜುವನ್ನು ಕೆಲಸದಿಂದ ಬಿಡಿಸಿದಿರಿ. ಅವನೀಗ ನನ್ನ ಅಂಗಡಿಯಲ್ಲಿ ತಿದಿ ಒತ್ತುತ್ತಿದ್ದಾನೆ, ಚೆನ್ನಾಗಿಯೇ ಒತ್ತುತ್ತಾನೆ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಶಿಂಷಾ ಹೊಳೆಯನ್ನು ವಾರಕ್ಕೆ ಎರಡು ದಿನವಾದರೂ ಕೆಳಗಿನಿಂದ ಮೇಲಕ್ಕೆ ಹರಿಯುವಂತೆ ಹುಕುಂ ಮಾಡಿಸಿದರೆ, ಬಂಗಲೆಯ ಮೆಟ್ಟಿಲಿಗೂ ಆ ಬಣ್ಣ ಮುಟ್ಟಿ, ನಾವೊಬ್ಬರೇ ಅನುಭವಿಸುತ್ತಿದ್ದೇವೆಂಬ ಸಂಕೋಚ ತಪ್ಪುತ್ತದೆ. ಅಳಿದುಳಿದ ಮೀನುಗಳಿಗೆ ಸಿಪಾಯಿಗಳ ಮಾದರಿಯ ಬೂಟು ಒದಗಿಸಿದರೆ ಅವು ದಡದ ಮೇಲೆ ನಡೆದೇ ಕಾರ್ಖಾನೆಯನ್ನು ದಾಟಿಕೊಳ್ಳುತ್ತವೆ. ಎಮ್ಮೆಗಳು ನೀರು ಕುಡಿಯುವ ಮುಂಚೆ ಮಂಡ್ಯದ ವರದಿಯನ್ನು ಓದಿಕೊಳ್ಳುವಂತೆ ಅವುಗಳಿಗೊಂದು ಶಾಲೆ ತೆರೆಯಬೇಕು. ಇವೆಲ್ಲ ಕಷ್ಟವೆಂದು ಕಂಡರೆ, ಆ ಒಣ ಬೋರೆ ಇನ್ನೂ ಅಲ್ಲೇ ಇದೆ. ಹೊಳೆಗೂ ದೂರ, ಬಾವಿಗೂ ದೂರ. ಹಾರೆ ಗುದ್ದಲಿ ನಮ್ಮವು, ತೋಡುವ ಕೈಗಳೂ ನಮ್ಮವು. ತಾವು ಹೂಂ ಎಂದರೆ ಸಾಕು.

ಕಡೆಯದಾಗಿ, ತಮಗೆ ತಿಳಿಯದಿರಬಹುದಾದ ಒಂದು ಸಂಗತಿ. ಈಗ ನಮ್ಮ ಹೆಂಗಸರೆಲ್ಲ ಕಾರ್ಖಾನೆಯ ಮೇಲುಗಡೆಯ ಮರಳಿಗೆ ಹೋಗಿ ಒರತೆ ತೋಡುತ್ತಿದ್ದಾರೆ. ಬಾವಿ ಇನ್ನೂ ತಿಳಿಯಾಗದ ಕಾರಣ ತಮ್ಮ ಅಡುಗೆಯ ಚಿಕ್ಕಬೋರಯ್ಯನೂ ಹೋದ ವಾರ ಹಿತ್ತಾಳೆ ಕೊಡ ಹಿಡಿದು ಅಲ್ಲಿಗೆ ಬಂದ. ಬಂದವನು ತಲೆ ತಗ್ಗಿಸಿ ದೂರದಲ್ಲೇ ನಿಂತಿದ್ದ. ಮ್ಯಾನೇಜರ ಮನೆಗೆ ಈ ನೀರು ಕೊಡಕೂಡದು, ಅವರ ಕಾಲುವೆಯದನ್ನೇ ಕುಡಿಯಲಿ ಎಂದು ಹೆಂಗಸರು ಸುತ್ತುಗಟ್ಟಿದರು. ನ್ಯಾಯವೂ ಅದೇ ಆಗಿತ್ತು. ನನ್ನ ಹೆಂಡತಿಯೂ ಅದನ್ನೇ ಹೇಳಿದಳಂತೆ. ಮರಿತಾಯಮ್ಮ ಮಾತ್ರ ತನ್ನ ಸರದಿ ಬಿಟ್ಟು, ಅವನ ಕೈಯಿಂದ ಕೊಡ ತೆಗೆದುಕೊಂಡು, ತಾನೇ ಮೊಗೆದು ತುಂಬಿ ಕೊಟ್ಟಳು.

“ಆ ಮನೇಲೂ ಒಂದು ಕೂಸದೆ ಕಣ್ರಮ್ಮಾ,” ಎಂದಳು.

ತಮ್ಮ ಮನೆಯಲ್ಲಿ ಕೂಸಿದೆಯೆಂಬುದು ನನಗೆ ಗೊತ್ತಿರಲಿಲ್ಲ. ಅದು ಹೆಣ್ಣೋ ಗಂಡೋ ತಿಳಿಯದು. ಯಾವುದಾದರೂ ಆಗಲಿ, ಚೆನ್ನಾಗಿರಲಿ. ತಮ್ಮ ಕೊಡ ಅಂದಿನಿಂದ ದಿನವೂ ಮೊದಲು ತುಂಬುತ್ತಿದೆ.

ಹೊಳೆಯ ಕೆಳಗಿನವರೆಲ್ಲರ ಪರವಾಗಿ,

ತಮ್ಮ ವಿಶ್ವಾಸಿ,
ನಯಾಜ್ ಪಾಷಾ
ಕಲಾಯಿ ಮತ್ತು ಸ್ಟವ್ ರಿಪೇರಿ, ಮದ್ದೂರು ಪೇಟೆ

ತಾಜಾಕಲಂ: ಯುದ್ಧದ ದೆಸೆಯಿಂದ ಅಂಗಡಿಗಳಲ್ಲಿ ಶಾಯಿ ಸಿಗುತ್ತಿಲ್ಲ. ತಮ್ಮ ಕಾಲುವೆಯ ನೀರಿನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ನೆನೆಹಾಕಿದರೆ ಅಚ್ಚ ಕಪ್ಪು ಶಾಯಿಯಾಗುತ್ತದೆಂದು ಆಕಸ್ಮಿಕವಾಗಿ ತಿಳಿದು, ಈ ಪತ್ರವನ್ನು ಅದರಲ್ಲೇ ಬರೆದಿದ್ದೇನೆ. ಓದಿದ ಮೇಲೆ ದಯವಿಟ್ಟು ಕೈ ತೊಳೆದುಕೊಳ್ಳಬೇಕು. ಎಲ್ಲಿ ತೊಳೆದುಕೊಳ್ಳಬೇಕೆಂಬುದನ್ನು ತಮ್ಮ ವಿವೇಚನೆಗೆ ಬಿಟ್ಟಿದ್ದೇನೆ.